ಬಂಡೆ, ಅಚ್ಚು ಮತ್ತು ಸಾಕ್ಷಿ

ಕ್ರಿಕೆಟ್ ಆಟಕ್ಕೆ ಅಂಪೈರುಗಳಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ, ನೋಡುವ ಸಾವಿರಾರು ಜನರಿದ್ದಾರೆ. ಕುಸ್ತಿಯ ಅಖಾಡದ ಸುತ್ತ ಊರೇ ನೆರೆದಿರುತ್ತದೆ. ಬಂಡೆ ಏರುವವನಿಗೆ ಇದಾವುದೂ ಇಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಜೊತೆಗಾರನೊಬ್ಬನಿರುತ್ತಾನೆ. ಕೆಲವೊಮ್ಮೆ ಅವನೂ ಇರುವುದಿಲ್ಲ. ಎಷ್ಟು ಎತ್ತರ ಏರಿದ್ದು, ಎಲ್ಲಿಂದ ಹಿಂದಿರುಗಿದ್ದು, ಯಾವ ಮೊಳೆಯನ್ನು ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡದ್ದು—ಇದೆಲ್ಲ ಕೆಳಗಿಳಿದು ಬಂದವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಈ ಆಟದಲ್ಲಿ ಬರವಣಿಗೆಗೆ ಬೇರೆಲ್ಲೂ ಇಲ್ಲದ ಒಂದು ಸ್ಥಾನ ದೊರೆತಿದೆ. ಕ್ರಿಕೆಟ್ಟಿನ ಮೇಲಿನ ಲೇಖನ ಆಟ ಮುಗಿದ ಮೇಲಿನ ಹರಟೆ. ಬಂಡೆಯ ಮೇಲಿನ ಲೇಖನವಾದರೋ ಆಟದ ಕೊನೆಯ ಅಂಗ. ಅದು ಅಚ್ಚಾಗುವವರೆಗೆ ಆಟ ಪೂರ್ತಿಯಾದಂತಿಲ್ಲ.

ಈ ಬರವಣಿಗೆಗೆ ಸಾಕಷ್ಟು ವಯಸ್ಸಾಗಿದೆ. ಲಂಡನ್ನಿನ ಆಲ್ಪೈನ್ ಕ್ಲಬ್ಬು ತನ್ನ ‘ಆಲ್ಪೈನ್ ಜರ್ನಲ್’ ಪತ್ರಿಕೆಯನ್ನು 1863ರಲ್ಲಿಯೇ ಹೊರಡಿಸಿತು. ಅಲ್ಲಿ ಬರೆಯುತ್ತಿದ್ದವರು ಬಿಡುವೂ ಅನುಕೂಲವೂ ಇದ್ದ ದೊಡ್ಡಮನುಷ್ಯರು. ಓದುತ್ತಿದ್ದವರೂ ಬಹುಮಟ್ಟಿಗೆ ಅವರೇ. ನಾನಿಲ್ಲಿ ಎತ್ತಿಕೊಂಡಿರುವುದು ಬೇರೆ ಜಾತಿಯ ಪತ್ರಿಕೆಗಳನ್ನು: ಕ್ಲಬ್ಬಿನ ಆಸರೆಯಿಲ್ಲದೆ, ದೊಡ್ಡ ಪ್ರಕಾಶಕರ ಹಣವಿಲ್ಲದೆ, ಒಬ್ಬಿಬ್ಬರು ತಮ್ಮ ಹಟದಿಂದಲೇ ನಡೆಸಿದಂಥವನ್ನು. ಸಣ್ಣ ಪತ್ರಿಕೆಯ ಹಟವೆಂಥದು, ಅದರ ಚಂದಾದಾರರ ಪಟ್ಟಿ ಎಷ್ಟು ಗಿಡ್ಡ ಎಂಬುದನ್ನು ಅಡಿಗರ ‘ಸಾಕ್ಷಿ’ಯನ್ನು ಬಲ್ಲ ವಾಚಕರಿಗೆ ವಿವರಿಸಬೇಕಾಗಿಲ್ಲ. ಆ ಹೆಸರು ನಾನು ಹೇಳಹೊರಟಿರುವ ಪತ್ರಿಕೆಗಳಿಗೂ ಚೆನ್ನಾಗಿಯೇ ಒಪ್ಪುತ್ತಿತ್ತು.

1955ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ‘ಸಮಿಟ್’ ಎಂಬ ಮಾಸಪತ್ರಿಕೆ ಹೊರಟಿತು. ಸಂಪಾದಕರ ಹೆಸರು ಜೆ. ಎಂ. ಕ್ರೆನ್‌ಶಾ ಮತ್ತು ಎಚ್. ವಿ. ಜೆ. ಕಿಲ್ನೆಸ್. ಈ ಮೊದಲಕ್ಷರಗಳ ಹಿಂದೆ ಇದ್ದವರು ಜೀನ್ ಕ್ರೆನ್‌ಶಾ ಮತ್ತು ಹೆಲೆನ್ ಕಿಲ್ನೆಸ್ ಎಂಬ ಇಬ್ಬರು ಹೆಂಗಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ ಕೆಲಸಮಾಡಿದ್ದವರು. ಬಿಗ್ ಬೇರ್ ಎಂಬ ಬೆಟ್ಟದೂರಿನಲ್ಲಿ ಬಂಡೆಗಳ ನಡುವೆ ಇದ್ದ ಮನೆಯೇ ಅವರ ಕಛೇರಿ. ಹೆಂಗಸರು ನಡೆಸುವ ಪರ್ವತ ಪತ್ರಿಕೆಯನ್ನು ಗಂಡಸರು ಕೊಂಡು ಓದಲಾರರೆಂಬ ಶಂಕೆಯಿಂದ ಹೆಸರುಗಳನ್ನು ಹಾಗೆ ಗಿಡ್ಡಮಾಡಿದರು. ಶಂಕೆ ಆಧಾರವಿಲ್ಲದ್ದೆಂದು ಹೇಳುವ ಧೈರ್ಯ ನನಗಿಲ್ಲ. ಅಂತೂ ಪತ್ರಿಕೆ ಅವರ ಕೈಯಲ್ಲಿ 1989ರವರೆಗೆ, ಎಂದರೆ ಮೂವತ್ನಾಲ್ಕು ವರ್ಷ, ಬದುಕಿತು. ಸಾಹಿತ್ಯದ ಎಷ್ಟು ಸಣ್ಣ ಪತ್ರಿಕೆಗಳಿಗೆ ಅಷ್ಟು ಆಯುಸ್ಸು ದೊರೆತಿದೆ?

‘ಸಮಿಟ್’ನ ಗುಣವೆಂದರೆ ಅದರ ಮನೆಬಾಗಿಲು ತೆರೆದಿದ್ದುದು. ರಾಯಲ್ ರಾಬಿನ್ಸ್, ಇವಾನ್ ಷುಯಿನಾರ್ಡ್ ಮೊದಲಾದ ಹೆಸರಾಂತ ಆರೋಹಿಗಳು ಬರೆದ ಪತ್ರಿಕೆಯಲ್ಲಿಯೇ ರಜೆಯಲ್ಲಿ ಬೆಟ್ಟ ಸುತ್ತಿ ಬಂದವರ ವೃತ್ತಾಂತಕ್ಕೂ ಎಡೆಯಿತ್ತು. ಇದರಿಂದ ಗದ್ಯದ ಮಟ್ಟ ಏರಿಳಿಯುತ್ತಿದ್ದುದು ಸಹಜ. ಆದರೆ ಪರ್ವತ ಸಾಹಿತ್ಯಕ್ಕೆ ಅಂಟಿಕೊಂಡಿರುವ ಒಂದು ರೋಗಕ್ಕೆ ಇಂಥ ಬೆರಕೆಯೇ ಮದ್ದು ಎಂದು ನನ್ನ ಅಭಿಪ್ರಾಯ. ಶಿಖರವನ್ನು ‘ಮಣಿಸಿದೆವು’, ಗೋಡೆಯನ್ನು ‘ಗೆದ್ದೆವು’ ಎಂಬ ದಂಡಯಾತ್ರೆಯ ಭಾಷೆ ಆ ರೋಗ. ಹೆಂಡತಿ ಮಕ್ಕಳೊಡನೆ ಬೆಟ್ಟ ಹತ್ತಿ ಮಳೆಯಲ್ಲಿ ನೆನೆದು ಬಂದವನ ಬರಹ ಪಕ್ಕದ ಪುಟದಲ್ಲಿರುವಾಗ ಸೇನಾಪತಿಯ ಗತ್ತು ಹೆಚ್ಚು ಹೊತ್ತು ನಿಲ್ಲಲಾರದು.

ಇಂಥ ಪತ್ರಿಕೆಯಲ್ಲಿ ಒಂದು ಲೇಖನ ಏನು ಮಾಡಬಲ್ಲದು ಎಂಬುದಕ್ಕೆ 1967ರ ಒಂದು ನಿದರ್ಶನವಿದೆ. ಅಲ್ಲಿಯವರೆಗೆ ಅಮೆರಿಕದ ಆರೋಹಿಗಳು ಬಿರುಕಿಗೆ ಉಕ್ಕಿನ ಮೊಳೆ ಬಡಿದು, ಹಗ್ಗವನ್ನು ಅದಕ್ಕೆ ಸಿಕ್ಕಿಸಿ, ಹಿಂದೆ ಬರುವವನು ಅದನ್ನು ಮತ್ತೆ ಬಡಿದು ಕೀಳುತ್ತ ಏರುತ್ತಿದ್ದರು. ಒಂದೇ ಬಿರುಕಿಗೆ ನೂರು ಸಲ ಏಟು ಬಿದ್ದರೆ ಕಲ್ಲು ಉಳಿಯುವುದುಂಟೆ? ಯೊಸೆಮಿಟಿ ಕಣಿವೆಯ ಬಿರುಕುಗಳು ಹಲ್ಲು ಕಿತ್ತ ವಸಡಿನಂತಾಗಿದ್ದವು. ಇಂಗ್ಲೆಂಡಿಗೆ ಹೋಗಿ ಬಂದ ರಾಬಿನ್ಸ್, ಅಲ್ಲಿಯವರು ಬಿರುಕಿನಲ್ಲಿ ಕೈಯಿಂದಲೇ ಸಿಕ್ಕಿಸಿ ಕೈಯಿಂದಲೇ ತೆಗೆಯುವ ಸಣ್ಣ ಲೋಹದ ತುಂಡುಗಳನ್ನು ಕುರಿತು ‘ಸಮಿಟ್’ನಲ್ಲಿ ‘ನಟ್ಸ್ ಟು ಯೂ’ ಎಂಬ ಲೇಖನ ಬರೆದ. ಶೀರ್ಷಿಕೆಯಲ್ಲೇ ಕುಚೋದ್ಯವಿದೆ: ‘ನಟ್’ ಎಂಬುದು ಆ ತುಂಡಿನ ಹೆಸರೂ ಹೌದು, ಇಡೀ ಮಾತು ‘ಹೋಗಯ್ಯಾ, ಸಾಕು’ ಎಂಬ ತಾತ್ಸಾರವೂ ಹೌದು. ಅದೇ ವರ್ಷ ಅವನೂ ಅವನ ಹೆಂಡತಿ ಲಿಜ್ ರಾಬಿನ್ಸಳೂ ಯೊಸೆಮಿಟಿಯಲ್ಲಿ ಒಂದೂ ಮೊಳೆ ಬಡಿಯದೆ ಹೊಸ ದಾರಿಯೊಂದನ್ನು ಏರಿ ಅದಕ್ಕೆ ‘ನಟ್‌ಕ್ರಾಕರ್’ ಎಂದು ಹೆಸರಿಟ್ಟರು. ಐದು ವರ್ಷಗಳ ಮೇಲೆ, 1972ರಲ್ಲಿ, ಮೊಳೆಗಳನ್ನು ಮಾರಿಯೇ ಬೆಳೆದಿದ್ದ ಷುಯಿನಾರ್ಡ್ ತನ್ನ ಸಾಮಾನಿನ ಕ್ಯಾಟಲಾಗಿನಲ್ಲಿ ಮೊಳೆಗಳ ವಿರುದ್ಧವೇ ವಾದ ಹೂಡಿದ. ಅದರಲ್ಲಿ ಡಗ್ ರಾಬಿನ್ಸನ್ ಬರೆದ ದೀರ್ಘ ಪ್ರಬಂಧವೊಂದೂ ಇತ್ತು. ಬೆಲೆಪಟ್ಟಿಯೊಂದನ್ನು ಜನ ಸಾಹಿತ್ಯವೆಂದು ಓದಿದ ಬೇರೆ ಸಂದರ್ಭ ನನಗೆ ತಿಳಿದಿಲ್ಲ.

ಇನ್ನು ಅದೇ ಪತ್ರಿಕೆಯ ಇನ್ನೊಂದು ಕಥೆ. 1962ರ ಜೂನ್ ಸಂಚಿಕೆಯಲ್ಲಿ ‘ರೀಸೆನ್‌ಸ್ಟೈನ್’ ಎಂಬ ಪರ್ವತಸಮೂಹದ ಚಿತ್ರಗಳೂ ಬರಹವೂ ಅಚ್ಚಾದವು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದೆಯಂತೆ. ಆಸ್ಟ್ರಿಯಾದ ಆರೋಹಿಗಳು ಪ್ರಯತ್ನಿಸಿ ಹಿಂದಿರುಗಿದರಂತೆ. ಶಿಖರಗಳು ಇನ್ನೂ ಯಾರ ಕಾಲನ್ನೂ ಕಂಡಿಲ್ಲವಂತೆ. ಚಿತ್ರದ ಗೋಪುರಗಳನ್ನು ಕಂಡ ಆರೋಹಿಗಳು ನಕ್ಷೆ ಬಿಚ್ಚಿ ಕುಳಿತರು. ನಕ್ಷೆಯಲ್ಲಿ ಅಂಥದೊಂದು ಇರಲಿಲ್ಲ. ಚಿತ್ರಗಳು ಸುಳ್ಳಲ್ಲ; ಅವು ಅಲ್ಲಿಂದ ನೂರಾರು ಮೈಲಿ ದೂರದ ಅಲಾಸ್ಕದ ಕಿಚಾಟ್ನಾ ಶಿಖರಗಳು. ಊರು ಹೆಸರು ವೃತ್ತಾಂತಗಳೆಲ್ಲ ಕಟ್ಟುಕತೆ. ಕಟ್ಟಿದವರು ಮೂವರು: ವಿಮಾನದಿಂದ ಹಿಮನದಿಗಳ ಚಿತ್ರ ತೆಗೆಯುತ್ತಿದ್ದ ಆಸ್ಟಿನ್ ಪೋಸ್ಟ್, ಹಿಮದ ವಿಜ್ಞಾನಿ ಎಡ್ ಲಾಶಪೆಲ್, ಮತ್ತು ಲೇಖಕ ಹಾರ್ವೆ ಮ್ಯಾನಿಂಗ್. ಸ್ವಾರಸ್ಯವೆಂದರೆ, ಆರೋಹಿಗಳ ಪಠ್ಯಪುಸ್ತಕವೆಂದೇ ಪ್ರಸಿದ್ಧವಾದ ‘ಫ್ರೀಡಂ ಆಫ್ ದಿ ಹಿಲ್ಸ್’ ಗ್ರಂಥದ 1960ರ ಮೊದಲ ಮುದ್ರಣದ ಸಂಪಾದನೆಯಲ್ಲಿ ಮುಂದಾಳಾಗಿದ್ದವನು ಇದೇ ಮ್ಯಾನಿಂಗ್. ದಾರಿ ತೋರಿಸುವ ಪುಸ್ತಕ ಬರೆದವನೇ ದಾರಿ ತಪ್ಪಿಸುವ ಲೇಖನವನ್ನೂ ಬರೆದ!

ಇದು ಬರಿಯ ತಮಾಷೆಯೇ? ಶಿಖರವನ್ನು ಕಂಡೊಡನೆ ‘ಮೊದಲು ಏರಿದವನು ನಾನು’ ಎಂದು ಹೆಸರು ಕೆತ್ತಲು ಓಡುವ ಆತುರವನ್ನು ಅಣಕಿಸುವ ಉದ್ದೇಶ ಅದರಲ್ಲಿ ನನಗೆ ಕಾಣುತ್ತದೆ. ಆದರೆ ಅಣಕ ಎಷ್ಟೇ ಜಾಣತನದ್ದಾದರೂ, ನಂಬಿ ಓದಿದವನ ಹಣವೂ ರಜೆಯೂ ಅದಕ್ಕೆ ತೆತ್ತ ಬೆಲೆ. ಅಂಥ ಕಾಡಿನಲ್ಲಿ ಪ್ರಾಣವೂ ಆಗಬಹುದಿತ್ತು. ಆ ಮೂವರಿಗೆ ಇದು ಹೊಳೆದಿರಲಿಲ್ಲವೆಂದು ನಂಬುವುದು ಕಷ್ಟ. ಅದನ್ನು ಒಪ್ಪಿಯೂ ಒಂದು ಮಾತು ಹೇಳಬೇಕು: ಹುಡುಕಿದವರಿಗೆ ಕಡೆಗೆ ನಿಜವಾದ ಪರ್ವತಗಳೇ ದೊರೆತವು. ಗುಟ್ಟು ಒಡೆದ ಮೇಲೆ ಆರೋಹಿಗಳು ಕಿಚಾಟ್ನಾಕ್ಕೆ ಹೋದರು, ಏರಿದರು. ಕೇಟಿ ಐವ್ಸ್ 2021ರಲ್ಲಿ ಪ್ರಕಟಿಸಿದ ‘ಇಮ್ಯಾಜಿನರಿ ಪೀಕ್ಸ್’ ಎಂಬ ಪುಸ್ತಕ ಈ ಪ್ರಸಂಗವನ್ನೇ ಬೆನ್ನುಹತ್ತಿ, ಮನುಷ್ಯನು ನಕ್ಷೆಯಲ್ಲಿಲ್ಲದ ಬೆಟ್ಟಗಳನ್ನು ಏಕೆ ಕಟ್ಟಿಕೊಳ್ಳುತ್ತಾನೆ ಎಂಬ ಪ್ರಶ್ನೆಯವರೆಗೆ ಹೋಗುತ್ತದೆ.

ಇದಕ್ಕೆ ಎದುರಾಗಿ ಇಡತಕ್ಕದ್ದು ಇಂಗ್ಲೆಂಡಿನ ‘ಮೌಂಟನ್’ ಪತ್ರಿಕೆ. ಕೆನ್ ವಿಲ್ಸನ್ ಎಂಬಾತ ‘ಮೌಂಟನ್ ಕ್ರಾಫ್ಟ್’ ಎಂಬ ಹಳೆಯ ಪತ್ರಿಕೆಯನ್ನು ವಹಿಸಿಕೊಂಡು 1969ರಲ್ಲಿ ಅದಕ್ಕೆ ಈ ಹೊಸ ರೂಪ ಕೊಟ್ಟ, 1978ರವರೆಗೆ ನಡೆಸಿದ. ‘ಸಮಿಟ್’ ಮನೆಯಾದರೆ ‘ಮೌಂಟನ್’ ನ್ಯಾಯಸ್ಥಾನ. ವಿಲ್ಸನ್ ಜಗಳಗಂಟ, ತನ್ನ ಅಭಿಪ್ರಾಯವನ್ನು ಮೆತ್ತಗೆ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಆ ಜಗಳಗಂಟತನ ಎಲ್ಲಿ ಸಾರ್ಥಕವಾಯಿತೆಂದರೆ, ಸೆರೊ ಟೊರೆಯ ವಿಷಯದಲ್ಲಿ.

ದಕ್ಷಿಣ ಅಮೆರಿಕದ ಪೆಟಗೋನಿಯಾದಲ್ಲಿರುವ ಸೆರೊ ಟೊರೆ ಸುಮಾರು 3,100 ಮೀಟರ್ ಎತ್ತರದ, ತಲೆಯ ಮೇಲೆ ಮಂಜಿನ ಟೋಪಿ ಹೊತ್ತ ಕಲ್ಲಿನ ಕಂಬ. ಇಟಲಿಯ ಚೆಸಾರೆ ಮಾಯೆಸ್ತ್ರಿ 1959ರಲ್ಲಿ ಟೋನಿ ಎಗ್ಗರ್ ಜೊತೆಗೆ ಅದರ ತುದಿ ಮುಟ್ಟಿದೆನೆಂದ. ಇಳಿಯುವಾಗ ಎಗ್ಗರ್ ಸತ್ತ. ಕ್ಯಾಮೆರಾ ಅವನೊಡನೆ ಹೋಯಿತು. ತುದಿಯ ಮಾತು ಹೇಳಲು ಉಳಿದವನು ಮಾಯೆಸ್ತ್ರಿ ಒಬ್ಬನೇ. ಲಿಯೊನೆಲ್ ತೆರೆಯಂಥ ದೊಡ್ಡ ಆರೋಹಿಯೂ ಆ ಸಾಹಸವನ್ನು ಬಾಯ್ತುಂಬ ಹೊಗಳಿದ. 1968ರಲ್ಲಿ ಸಮರ್ಥರಾದ ಬ್ರಿಟಿಷ್ ಆರೋಹಿಗಳ ತಂಡ ಅದೇ ಪರ್ವತದಲ್ಲಿ ಸೋತು ಬಂದಿತು. ಅನುಮಾನದ ಗುಸುಗುಸು ಬೆಳೆಯಿತು. ಮಾಯೆಸ್ತ್ರಿ ಕೋಪಗೊಂಡು 1970ರಲ್ಲಿ ಮತ್ತೆ ಹೋದ. ಪೆಟ್ರೋಲಿನಿಂದ ನಡೆಯುವ ಕಂಪ್ರೆಸರ್ ಯಂತ್ರವನ್ನು ಗೋಡೆಯ ಮೇಲಕ್ಕೆ ಎಳೆಸಿ, ಕಲ್ಲು ಕೊರೆದು, ನೂರಾರು ಬೋಲ್ಟುಗಳನ್ನು ನೆಟ್ಟು ಏರಿದ. ಆದರೂ ಮಂಜಿನ ಟೋಪಿಯನ್ನು ಮುಟ್ಟದೆ, ಅದು ಪರ್ವತದ ಭಾಗವೇ ಅಲ್ಲವೆಂದು ಹೇಳಿ ಇಳಿದುಬಂದ. ಮಾತನ್ನು ಸಂಶಯಿಸಿದವರಿಗೆ ಯಂತ್ರದಿಂದ ಉತ್ತರ ಕೊಟ್ಟಂತಾಯಿತು.

ವಿಲ್ಸನ್ನನ ಪತ್ರಿಕೆ 1972ರ ಸುಮಾರಿಗೆ ಮಾಯೆಸ್ತ್ರಿಯನ್ನೇ ಕಂಡು ಪ್ರಶ್ನೆ ಕೇಳಿತು, ಉತ್ತರಗಳನ್ನು ಅಚ್ಚುಹಾಕಿತು, ಒಂದಕ್ಕೊಂದು ಹೊಂದದ ಎಡೆಗಳನ್ನು ತೋರಿಸಿತು. ಎದುರಿಗಿದ್ದವನು ತನ್ನ ದೇಶದಲ್ಲಿ ವೀರನೆನಿಸಿಕೊಂಡವನು. ಒಬ್ಬ ಸತ್ತವನ ನೆನಪೂ ಅದರಲ್ಲಿ ಸಿಕ್ಕಿಕೊಂಡಿತ್ತು. ಇಂಥ ಕಡೆ ‘ಆರೋಹಿಯ ಮಾತೇ ಪ್ರಮಾಣ’ ಎಂಬ ಹಳೆಯ ಸಭ್ಯತೆಯನ್ನು ಮುರಿಯುವುದು ಸುಲಭದ ಕೆಲಸವಲ್ಲ. ಇಟಲಿಯ ಇನ್ನೊಂದು ತಂಡ 1974ರಲ್ಲಿ ನಿರ್ವಿವಾದವಾಗಿ ತುದಿ ಮುಟ್ಟಿತು. ರೊಲಾಂಡೊ ಗರಿಬೊಟ್ಟಿ 2004ರ ‘ಅಮೆರಿಕನ್ ಆಲ್ಪೈನ್ ಜರ್ನಲ್’ನಲ್ಲಿ ಮಾಯೆಸ್ತ್ರಿಯ ಹೇಳಿಕೆಗಳನ್ನೆಲ್ಲ ಸಾಲುಸಾಲಾಗಿ ಪರೀಕ್ಷಿಸಿದ, ಮರುವರ್ಷ ತಾನೇ ಇಬ್ಬರೊಡನೆ ಆ ಉತ್ತರ ದಿಕ್ಕಿನ ಗೋಡೆಯನ್ನು ಏರಿದ. ಗೋಡೆಯ ಕೆಳಭಾಗವನ್ನು ದಾಟಿದ ಮೇಲೆ ಮಾಯೆಸ್ತ್ರಿಯ ಒಂದು ಕುರುಹೂ ಸಿಗಲಿಲ್ಲ. ಮಾಯೆಸ್ತ್ರಿ 2021ರಲ್ಲಿ ತೀರಿಕೊಂಡ. ಕೊನೆಯವರೆಗೆ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ರೀಸೆನ್‌ಸ್ಟೈನಿನ ಕಟ್ಟುಕತೆಗೂ ಸೆರೊ ಟೊರೆಯ ವೃತ್ತಾಂತಕ್ಕೂ ಭೇದವೇನು? ಕವಿಯ ಕಲ್ಪನೆ ಸುಳ್ಳೇ ಎಂಬ ಹಳೆಯ ತರ್ಕ ಇಲ್ಲಿ ಬಂಡೆಯ ಮೇಲೆ ಬಂದು ನಿಂತಿದೆ. ಮ್ಯಾನಿಂಗನ ಬರಹ ತಾನು ಏರಿದೆನೆಂದು ಹೇಳಲಿಲ್ಲ. ಏರದ ಬೆಟ್ಟವೊಂದನ್ನು ತೋರಿಸಿ ಓದುಗನನ್ನು ಎಬ್ಬಿಸಿ ಕಳಿಸಿತು. ಮಾಯೆಸ್ತ್ರಿಯ ವೃತ್ತಾಂತ ತನ್ನ ಹೆಸರನ್ನು ಬೆಟ್ಟದ ಮೇಲಿಟ್ಟು, ಹದಿನೈದು ವರ್ಷ ಇತರರ ಪಾಲಿಗೆ ‘ಮೊದಲ’ ಎಂಬ ಮಾತನ್ನು ಇಲ್ಲದಂತೆ ಮಾಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪದು. ಹಾಗೆಂದು ಮೊದಲನೆಯದನ್ನು ಕಾವ್ಯವೆಂದು ಪೂಜಿಸುವುದೂ ಸಲ್ಲದು. ಅದು ಕಾವ್ಯವೆಂಬ ಗುರುತಿನ ಚೀಟಿಯನ್ನು ಧರಿಸಿ ಬರಲಿಲ್ಲ, ವರದಿಯ ವೇಷದಲ್ಲಿ ಬಂದಿತು.

ಈಗಿನ ಸ್ಥಿತಿಯನ್ನೂ ಹೇಳಬೇಕು. ಅಮೆರಿಕದಲ್ಲಿ 1984ರಲ್ಲಿ ಆರಂಭವಾಗಿದ್ದ ‘ರಾಕ್ ಅಂಡ್ ಐಸ್’ ಪತ್ರಿಕೆ ‘ಕ್ಲೈಂಬಿಂಗ್’ನಲ್ಲಿ ಲೀನವಾಯಿತು, 1970ರಿಂದ ಬಂದಿದ್ದ ‘ಕ್ಲೈಂಬಿಂಗ್’ 2022ರಲ್ಲಿ ಅಚ್ಚನ್ನೇ ನಿಲ್ಲಿಸಿತು. ದೊಡ್ಡ ಸಂಸ್ಥೆ ಕೊಂಡುಕೊಂಡ ಪತ್ರಿಕೆಗಳ ಗತಿ ಇದು. ಸಣ್ಣವು ಮಾತ್ರ ಹೇಗೋ ಉಸಿರಾಡುತ್ತಿವೆ. ಕೊಲೊರಾಡೊದಲ್ಲಿ ಲ್ಯೂಕ್ ಮೆಹಾಲ್ 2010ರಲ್ಲಿ ತೊಡಗಿದ ‘ದಿ ಕ್ಲೈಂಬಿಂಗ್ ಝೈನ್’ ಇದೆ. ಮೈಕೆಲ್ ಲೆವಿ ಎಂಬಾತ ‘ಸಮಿಟ್’ನ ಹೆಸರಿಗೆ ಮತ್ತೆ ಜೀವ ಕೊಟ್ಟು, ‘ಸಮಿಟ್ ಜರ್ನಲ್’ ಎಂದು 2024ರಿಂದ ವರ್ಷಕ್ಕೆರಡು ಸಲ, ಕಾಗದದ ಮೇಲೆ ಮಾತ್ರ, ಹೊರತರುತ್ತಿದ್ದಾನೆ. ಅಗಲವಾದ ಪುಟ, ದೊಡ್ಡ ಚಿತ್ರಗಳು. ಇದನ್ನು ಸ್ವಾಗತಿಸುವವರು ಕಾಗದದ ಸ್ಪರ್ಶ, ಮಸಿಯ ವಾಸನೆ ಎಂದೆಲ್ಲ ಹೇಳುತ್ತಾರೆ. ನನಗೆ ಆ ಮಾತಿನಲ್ಲಿ ಅಷ್ಟು ಆದರವಿಲ್ಲ. ಮಸಿಯ ವಾಸನೆ ಮದುವೆಯ ಕರೆಯೋಲೆಗೂ ಇರುತ್ತದೆ. ಚಿತ್ರದ ಚೆಲುವಿಗಾಗಿ ದಿವಾನಖಾನೆಯ ಮೇಜಿನ ಮೇಲೆ ಇಡುವ ವಸ್ತುವಾಗಿಬಿಟ್ಟರೆ, ಹಳೆಯ ‘ಸಮಿಟ್’ನ ಆ ಮಳೆಯಲ್ಲಿ ನೆನೆದ ಗೃಹಸ್ಥನಿಗೆ ಅಲ್ಲಿ ಜಾಗ ಸಿಗುವುದೇ ಎಂಬುದು ನನ್ನ ಸಂದೇಹ.

ಅಚ್ಚಿನ ಪರವಾಗಿ ನನಗೆ ಕಾಣುವ ಕಾರಣ ಬೇರೆ. ಅಚ್ಚಾದ ಮಾತನ್ನು ಯಾರೂ ಸದ್ದಿಲ್ಲದೆ ತಿದ್ದಲಾರರು. 1962ರ ಜೂನ್ ಸಂಚಿಕೆಯಲ್ಲಿ ಆ ಸುಳ್ಳು ತಾರೀಖಿನ ಸಮೇತ ಇಂದಿಗೂ ಕುಳಿತಿದೆ. ಆದ್ದರಿಂದಲೇ ಐವತ್ತೊಂಬತ್ತು ವರ್ಷಗಳ ಮೇಲೆ ಅದರ ಮೇಲೊಂದು ಪುಸ್ತಕ ಬರೆಯಲು ಸಾಧ್ಯವಾಯಿತು. ಮಾಯೆಸ್ತ್ರಿ ಒಂದೊಂದು ಕಡೆ ಒಂದೊಂದು ರೀತಿ ಹೇಳಿದ್ದು ಅಚ್ಚಾಗಿ ಉಳಿದುದರಿಂದಲೇ ಗರಿಬೊಟ್ಟಿ ಅವುಗಳನ್ನು ಎದುರೆದುರು ಇಟ್ಟು ನೋಡಿದ. ಕ್ರೆನ್‌ಶಾ, ಕಿಲ್ನೆಸ್ ಅವರ ವಿಷಯವೂ ಹೀಗೆಯೇ. ಐವ್ಸಳ ಪುಸ್ತಕದಲ್ಲಿ ಅವರಿಬ್ಬರ ಹೆಸರುಗಳು ಪೂರ್ತಿಯಾಗಿವೆ. ಮೊದಲ ವರ್ಷಗಳ ‘ಸಮಿಟ್’ ಸಂಚಿಕೆಗಳನ್ನು ಬಿಚ್ಚಿದವರಿಗೆ ಈಗಲೂ ಕಾಣುವುದು ಮೊದಲಕ್ಷರಗಳು ಮಾತ್ರ.