ಹಗುರ ಬೇರೆ, ಅಗ್ಗ ಬೇರೆ

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಸಣ್ಣ ಕಾರು ಯಾವುದೇ ಇರಲಿ, ಹಿರಿಯರ ಬಾಯಲ್ಲಿ ಅದು ‘ಮಾರುತಿ’ಯೇ. ವನಸ್ಪತಿಯೆಲ್ಲ ಡಾಲ್ಡಾ ಆದಂತೆ, ಬಟ್ಟೆ ಒಗೆಯುವ ಪುಡಿಯೆಲ್ಲ ಸರ್ಫ್ ಆದಂತೆ. ಊರೂರಿಗೂ ಹಣಮಪ್ಪನ ಗುಡಿಯಿರುವ ಸೀಮೆಯಲ್ಲಿ ಗಾಳಿಯ ಮಗನ ಹೆಸರು ಹೊತ್ತ ಗಾಡಿ ಮನೆಮಾತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಆದರೆ ಆ ಗಾಡಿಯ ಬಗೆಗಿನ ಮಾತು ಮಾತ್ರ ಇವತ್ತಿಗೂ ಗಂಡಸರ ಪಡಸಾಲೆಯಲ್ಲೇ ನಡೆಯುತ್ತದೆ. ಲೀಟರಿಗೆ ಎಷ್ಟು ಕೊಡುತ್ತದೆ, ಪಿಕಪ್ ಹೇಗಿದೆ, ನಾಳೆ ಮಾರಿದರೆ ಎಷ್ಟು ಬರುತ್ತದೆ. ಒಳಗೆ ಚಹಾ ಕುದಿಸುತ್ತಿರುವವಳನ್ನು ಕರೆದು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: “ಬಣ್ಣ ಯಾವ್ದು ತಗೊಳ್ಳೂಣು ಹೇಳು.”

ಬಣ್ಣ ಬಿಟ್ಟು ಬೇರೆ ಮಾತನ್ನೂ ನಾವು ಹೇಳಬಹುದು ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ಕಾದಂಬರಿಯನ್ನು, ನಾಟಕವನ್ನು, ಧಾರಾವಾಹಿಯನ್ನು ಕುರಿತು ಗಂಟೆಗಟ್ಟಲೆ ವಿಮರ್ಶೆ ಮಾಡುತ್ತೇವೆ. ನಮ್ಮನ್ನೂ ನಮ್ಮ ಮಕ್ಕಳನ್ನೂ ಹೊತ್ತು ತಿರುಗುವ ಈ ಪೆಟ್ಟಿಗೆಯನ್ನು ಯಾಕೆ ವಿಮರ್ಶೆ ಮಾಡಬಾರದು? ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ ಇದು: ಸುಜುಕಿಯ ಕಾರುಗಳು ಅಗ್ಗವೂ ಹೌದು, ಚುರುಕೂ ಹೌದು. ಹುಡುಗರು ‘ಸ್ಪೋರ್ಟಿ’ ಎನ್ನುತ್ತಾರಲ್ಲ, ಅದು. ಸಾಮಾನ್ಯವಾಗಿ ಅಗ್ಗದ ವಸ್ತು ಮಂದವಾಗಿರುತ್ತದೆ, ಚುರುಕಾದದ್ದು ದುಬಾರಿಯಾಗಿರುತ್ತದೆ. ಇಲ್ಲಿ ಎರಡೂ ಹೇಗೆ ಕೂಡಿದವು? ಉತ್ತರ ಒಂದೇ ಶಬ್ದ, ಹಗುರ. ಈ ಕಾರುಗಳ ಗುಣವೆಲ್ಲ ಆ ಶಬ್ದದಲ್ಲಿದೆ. ದೋಷವೂ ಅದೇ ಶಬ್ದದ ಹೆಸರು ಹೇಳಿಕೊಂಡು ಒಳಗೆ ಬಂತು.

ಇದರ ತವರುಮನೆ ಜಪಾನಿನ ಹಮಾಮಾತ್ಸು. ಅಲ್ಲಿ ಹತ್ತಿ ಬೆಳೆಯುವ ರೈತನ ಮನೆಯಲ್ಲಿ 1887ರಲ್ಲಿ ಹುಟ್ಟಿದ ಮಿಚಿಯೋ ಸುಜುಕಿ ಬಡಗಿ ಕೆಲಸ ಕಲಿತು, 1909ರಲ್ಲಿ ಮಗ್ಗ ಮಾಡುವ ಕಾರ್ಖಾನೆ ತೆರೆದ. ಮೊದಲ ಮಗ್ಗವನ್ನು ತನ್ನ ತಾಯಿಗೆಂದೇ ಮಾಡಿದ ಎಂದು ಹೇಳುತ್ತಾರೆ. ನಿಪ್ಪಾಣಿ ದಾಟಿ ಇಚಲಕರಂಜಿ ಕಡೆ ಹೋದವರಿಗೆ ಮಗ್ಗದ ಖಟಖಟ ಹೊಸದಲ್ಲ. ಮಗ್ಗದಲ್ಲಿ ಬೇಡದ ಒಂದು ಕಡ್ಡಿ ಇದ್ದರೂ ಅದು ದಿನವಿಡೀ ನೇಯುವವರ ಕೈಗೆ ಭಾರ. ಆ ಲೆಕ್ಕವೇ ಮುಂದೆ ಕಾರಿಗೂ ಬಂತೇನೋ ಎಂದು ನನಗನಿಸುತ್ತದೆ. 1952ರಲ್ಲಿ ಕಂಪನಿ ಸೈಕಲ್ಲಿಗೆ ಪುಟ್ಟ ಎಂಜಿನ್ ಕೂಡಿಸಿತು. 1955ರಲ್ಲಿ ತನ್ನ ಮೊದಲ ಕಾರು ಮಾಡಿ ಅದಕ್ಕೆ ‘ಸುಜುಲೈಟ್’ ಎಂದು ಹೆಸರಿಟ್ಟಿತು. ಹಗುರ ಎಂಬುದು ಹೆಸರಿನಲ್ಲೇ ಇತ್ತು.

ಯುದ್ಧದಿಂದ ಬಡವಾಗಿದ್ದ ಜಪಾನಿನಲ್ಲಿ ಸರ್ಕಾರವೇ ಪುಟ್ಟ ಕಾರುಗಳಿಗೆ ಒಂದು ಬೇರೆ ವರ್ಗ ಮಾಡಿ ತೆರಿಗೆ ಇಳಿಸಿತ್ತು. ಎಂಜಿನ್ 360 ಸಿ.ಸಿ. ಮೀರಬಾರದು, ಉದ್ದ ಅಗಲ ಇಷ್ಟೇ ಇರಬೇಕು ಎಂಬ ನಿಯಮ. ಎಂಜಿನ್ನಿನ ಮಿತಿ 1976ರಲ್ಲಿ 550 ಸಿ.ಸಿ.ಗೆ, 1990ರಲ್ಲಿ 660 ಸಿ.ಸಿ.ಗೆ ಏರಿತು. ಅಳೆದು ಕೊಟ್ಟ ಅಕ್ಕಿಯಲ್ಲಿ ಮನೆಮಂದಿಗೆಲ್ಲ ಅಡಿಗೆ ಮಾಡುವವಳ ಜಾಣತನ ಇಂಥ ಕಾರು ಮಾಡುವವರಿಗೆ ಬೇಕಾಗುತ್ತದೆ. ಸುಜುಕಿಯಲ್ಲಿ ಆ ಜಾಣತನ ಹೆಚ್ಚಾಗಿ ಕಂಡದ್ದು ಒಸಾಮು ಸುಜುಕಿಯಲ್ಲಿ. ಆತ ಮಿಚಿಯೋನ ಮೊಮ್ಮಗಳನ್ನು ಮದುವೆಯಾಗಿ, ಹೆಂಡತಿಯ ಮನೆತನದ ಅಡ್ಡಹೆಸರನ್ನೇ ಇಟ್ಟುಕೊಂಡ ಮನೆಅಳಿಯ. 1978ರಲ್ಲಿ ಕಂಪನಿಯ ಅಧ್ಯಕ್ಷನಾದ, ಮರುವರ್ಷವೇ ‘ಆಲ್ಟೊ’ ಕಾರನ್ನು 4,70,000 ಯೆನ್‌ಗೆ ಮಾರುಕಟ್ಟೆಗೆ ತಂದ. ಸಾಮಾನು ಸಾಗಿಸುವ ಗಾಡಿಗಳಿಗೆ ತೆರಿಗೆ ಕಡಿಮೆಯೆಂದು ಅದನ್ನು ಆ ವರ್ಗದಲ್ಲೇ ನೋಂದಾಯಿಸುವಂತೆ ರೂಪಿಸಿದ್ದರು.

ಆ ಆಲ್ಟೊವನ್ನು ಕೊಂಡವರಲ್ಲಿ ಹೆಂಗಸರು ಬಹಳ. ಗಂಡನ ಕಾರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವಳಿಗೆ ಸಂತೆಗೆ, ಶಾಲೆಗೆ ಹೋಗಲು ಒಂದು ಗಾಡಿ. 1984ರಲ್ಲಿ ಬಂದ ಎರಡನೆಯ ಆಲ್ಟೊದ ಕೆಲವು ಮಾದರಿಗಳಲ್ಲಿ ಚಾಲಕರ ಸೀಟು ಬಾಗಿಲಿನತ್ತ ತಿರುಗುತ್ತಿತ್ತು, ಲಂಗ ತೊಟ್ಟವರಿಗೆ ಹತ್ತಿಳಿಯಲು ಸುಲಭವಾಗಲಿ ಎಂದು. ಸೀರೆಯ ನೆರಿಗೆ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಕಾರಿನೊಳಗೆ ತೂರಿಕೊಳ್ಳುವ ನಮಗೆ ಆ ಸೀಟಿನ ಬೆಲೆ ಗೊತ್ತು. ಮೂರು ವರ್ಷದ ನಂತರ, 1987ರಲ್ಲಿ, ಇದೇ ಆಲ್ಟೊಗೆ ಟರ್ಬೊ ಕೂಡಿಸಿ ‘ಆಲ್ಟೊ ವರ್ಕ್ಸ್’ ಮಾಡಿದರು. 543 ಸಿ.ಸಿ. ಎಂಜಿನ್ನಿನಿಂದ 64 ಅಶ್ವಶಕ್ತಿ. ಅದನ್ನು ನೋಡಿ ಜಪಾನಿನ ಕಂಪನಿಗಳೆಲ್ಲ ಪುಟ್ಟ ಕಾರಿಗೆ 64ಕ್ಕಿಂತ ಹೆಚ್ಚು ಬೇಡ ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡವು. ಸಂತೆಗೆ ಹೋಗುವ ಗೃಹಿಣಿಯ ಗಾಡಿ, ಓಟದ ಹುಚ್ಚಿನ ಹುಡುಗನ ಗಾಡಿ, ಎರಡೂ ಒಂದೇ ತಾಯಿಯ ಮಕ್ಕಳು. ಈ ಕಾರುಗಳ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ.

ನಮ್ಮವರಿಗೆ ಇದು ಅರ್ಥವಾಗಲು ಕಾರೇ ಬೇಕಿಲ್ಲ. ಜಾತ್ರೆಗಳಲ್ಲಿ ಎತ್ತಿನ ಗಾಡಿ ಶರ್ಯತ್ತು ನೋಡಿದವರಿಗೆ ಗೊತ್ತು, ಕಬ್ಬು ಹೇರುವ ಗಾಡಿಯನ್ನು ಯಾರೂ ಶರ್ಯತ್ತಿಗೆ ಕಟ್ಟುವುದಿಲ್ಲ. ಶರ್ಯತ್ತಿನ ಗಾಡಿಯಲ್ಲಿ ಗಾಲಿ, ಅಚ್ಚು, ಮೂಕಿ, ನಿಲ್ಲಲು ಒಂದು ಗೇಣು ಜಾಗ, ಅಷ್ಟೇ. ಎತ್ತು ಅವೇ, ಓಟ ಬೇರೆ.

ಆ ಹಗುರ ನಮ್ಮ ದೇಶಕ್ಕೆ ಬಂದದ್ದು ಸರ್ಕಾರದ ಕೈ ಹಿಡಿದು. 1981ರಲ್ಲಿ ಹುಟ್ಟಿದ ಮಾರುತಿ ಉದ್ಯೋಗ್ ಸಂಸ್ಥೆ 1982ರ ಅಕ್ಟೋಬರಿನಲ್ಲಿ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಅದನ್ನು ಕೊಂಡವರಿಗೆ ಕೊಟ್ಟರು. 796 ಸಿ.ಸಿ. ಎಂಜಿನ್, 40 ಅಶ್ವಶಕ್ತಿಯೂ ಇಲ್ಲ. ಆದರೆ ಸಾವಿರ ಕಿಲೋ ದಾಟಿದ್ದ ಅಂಬಾಸಡರ್ ಎದುರಿಗೆ ಇದರ ತೂಕ ಸುಮಾರು 650 ಕಿಲೋ ಮಾತ್ರ. ಅಂಬಾಸಡರಿನ ಸ್ಟಿಯರಿಂಗ್ ತಿರುಗಿಸಲು ರಟ್ಟೆ ಬೇಕಿತ್ತು. 800ಕ್ಕೆ ಮಣಿಕಟ್ಟು ಸಾಕಾಯಿತು. ಕಾರು ಓಡಿಸುವುದು ಗಂಡಸಿನ ಬಲದ ಕೆಲಸ ಎಂಬ ಮಾತು ಸುಳ್ಳಾದದ್ದು ಭಾಷಣದಿಂದಲ್ಲ, ಒಂದು ಹಗುರ ಕ್ಲಚ್ಚಿನಿಂದ. ಈ ಒಂದು ಉಪಕಾರಕ್ಕಾಗಿ ಆ ಗಾಡಿಗೆ ನಾನು ನೂರು ಅಂಕ ಕೊಡುತ್ತೇನೆ.

1993ರಲ್ಲಿ ‘ಝೆನ್’ ಬಂತು. 993 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್, ನೆಲಕ್ಕೆ ಅಂಟಿದಂತಹ ಓಟ. ಇಲ್ಲಿ ತಯಾರಾಗಿ ಯುರೋಪಿಗೆ ಆಲ್ಟೊ ಎಂಬ ಹೆಸರಿನಲ್ಲಿ ಹೋಯಿತು. ಜಿಪ್ಸಿ, ಎಸ್ಟೀಮ್‌ಗಳು ರ್ಯಾಲಿಗಳಲ್ಲಿ ಓಡಿದವು. 2005ರ ಮೇ ತಿಂಗಳಲ್ಲಿ ‘ಸ್ವಿಫ್ಟ್’ ಬಂದಾಗ 1.3 ಲೀಟರ್ ಎಂಜಿನ್ನಿನಲ್ಲಿ 87 ಅಶ್ವಶಕ್ತಿ. ಕಾಲೇಜು ಮುಗಿಸಿದ ಹುಡುಗರು ಹಗಲಿರುಳು ಅದರ ಕನಸು ಕಂಡರು. ಅಥಣಿಯ ನಮ್ಮ ಅತ್ಯಾ ಒಮ್ಮೆ ಮಗನ ಸ್ವಿಫ್ಟಿನಿಂದ ಇಳಿದು ಹೇಳಿದ ಮಾತು ಯಾವ ಮೋಟಾರು ಪತ್ರಿಕೆಯ ವಿಮರ್ಶೆಗೂ ಕಡಿಮೆಯಲ್ಲ: “ಗಾಡಿ ಗೇಣುದ್ದ ಐತಿ, ಆದ್ರ ಜಿಗಿತ ಮಾರುದ್ದ ಐತಿ ನೋಡವಾ.”

ನಾನೂ ಈ ಜಾತಿಯ ಕಾರನ್ನೇ ಓಡಿಸುತ್ತೇನೆ, ಆದ್ದರಿಂದ ಆ ಜಿಗಿತದ ಸುಖ ನನಗೆ ಪರಕೀಯವಲ್ಲ. ಹೆದ್ದಾರಿಯಲ್ಲಿ ತವಂದಿ ಘಾಟು ಏರುವಾಗ ಗೇರು ಒಂದು ಮೆಟ್ಟಿಲು ಇಳಿಸಿದರೆ ಎಂಜಿನ್ನು ಉತ್ಸಾಹದಿಂದ ಗುನುಗುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳು ನಾನು ನೋಡಿದ ಕಡೆಗೇ ಹೋಗುತ್ತವೆ. ಗಂಟೆಗೆ 60 ಕಿಲೋಮೀಟರ್ ಹೋದರೂ ದೊಡ್ಡ ಕಾರಿನ 100ರ ರೋಮಾಂಚನ. ಸಣ್ಣ ಹಗುರ ಕಾರಿನ ಗುಟ್ಟೇ ಇದು, ವೇಗ ಹೆಚ್ಚಿಸದೆ ವೇಗದ ಸಂತೋಷ ಕೊಡುತ್ತದೆ. ರಾಯಬಾಗದ ಓಣಿಯಲ್ಲಿ ಎದುರು ಗಾಡಿ ಬಂದರೆ ಸರ್ರನೆ ಹಿಂದೆ ಸರಿಯಬಹುದು. ಕಾಗವಾಡ ದಾಟಿ ಮಿರಜಿನ ದವಾಖಾನೆಗೆ ಅತ್ತೆಯನ್ನು ಕರೆದೊಯ್ಯಲು ಯಾರ ಬಿಡುವನ್ನೂ ಕಾಯಬೇಕಿಲ್ಲ. ಈ ‘ಕಾಯಬೇಕಿಲ್ಲ’ ಎಂಬುದು ಹೆಂಗಸಿನ ಬದುಕಿನಲ್ಲಿ ಎಷ್ಟು ದೊಡ್ಡ ಶಬ್ದ ಎಂದು ನಿಮಗೆ ಬಿಡಿಸಿ ಹೇಳಬೇಕೆ?

ಹೊಗಳಿದ್ದು ಸಾಕು. ಈಗ ಇನ್ನೊಂದು ಮಗ್ಗುಲು.

ಮೊದಲನೆಯದು, ‘ಸ್ಪೋರ್ಟಿ’ ಎಂಬ ಮಾತಿಗೆ ಕಂಪನಿ ನಮ್ಮಲ್ಲಿ ಪೂರ್ತಿ ನ್ಯಾಯ ಸಲ್ಲಿಸಲಿಲ್ಲ. 1.6 ಲೀಟರ್ ಎಂಜಿನ್ನು, 125 ಅಶ್ವಶಕ್ತಿಯ ‘ಸ್ವಿಫ್ಟ್ ಸ್ಪೋರ್ಟ್’ ಜಪಾನಿನಲ್ಲಿ ಓಡಿತು, ಇಲ್ಲಿನ ಅಂಗಡಿಗೆ ಬರಲೇ ಇಲ್ಲ. 2017ರಲ್ಲಿ ಬಂದ ಟರ್ಬೊ ಎಂಜಿನ್ನಿನ ಬಲೆನೊ ಆರ್‌ಎಸ್ 2020ರೊಳಗೆ ಕಣ್ಮರೆಯಾಯಿತು. 2024ರ ಹೊಸ ಸ್ವಿಫ್ಟಿನ ಅಶ್ವಶಕ್ತಿ 80ರ ಆಸುಪಾಸು, ಅಂದರೆ 2005ರ ಮೊದಲ ಸ್ವಿಫ್ಟಿಗಿಂತ ಕಡಿಮೆ. ಇಂಧನದ ಉಳಿತಾಯ ಹೆಚ್ಚಿತು, ಜಿಗಿತ ತಗ್ಗಿತು. ನಮ್ಮ ಹುಡುಗರು ಆ ಕೊರತೆಯನ್ನು ಸ್ಟಿಕ್ಕರು, ಹಿಂದಿನ ರೆಕ್ಕೆ, ಗುಡುಗುವ ಸೈಲೆನ್ಸರುಗಳಿಂದ ತುಂಬಿಕೊಂಡರು. ಇದನ್ನು ನಾನು ದೊಡ್ಡ ಅಪರಾಧ ಎನ್ನಲಾರೆ.

ಎರಡನೆಯದು ದೊಡ್ಡದು. 2014ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ, ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿತು. ದೊಡ್ಡವರ ರಕ್ಷಣೆಗೆ ಸಿಕ್ಕದ್ದು ಸೊನ್ನೆ ನಕ್ಷತ್ರ. ಅದೇ ತಲೆಮಾರಿನ ಸ್ವಿಫ್ಟಿಗೆ ಯುರೋಪಿನ ಪರೀಕ್ಷೆಯಲ್ಲಿ 2010ರಲ್ಲೇ ಐದು ನಕ್ಷತ್ರ ಬಂದಿದ್ದವು, ಅಲ್ಲಿ ಏರ್‌ಬ್ಯಾಗುಗಳು ಗಾಡಿಯ ಜೊತೆಗೇ ಬರುತ್ತಿದ್ದವು. ಇಲ್ಲಿ ಎರಡು ಏರ್‌ಬ್ಯಾಗ್ ಇದ್ದ ಮುಂದಿನ ಸ್ವಿಫ್ಟಿಗೆ 2018ರಲ್ಲಿ ಎರಡು ನಕ್ಷತ್ರ. ನಿಯಮ ಬಿಗಿಯಾದ ಮೇಲೆ 2022ರಲ್ಲಿ ಒಂದೇ ನಕ್ಷತ್ರ. ಯುರೋಪಿನ ಸ್ವಿಫ್ಟೂ ಹಗುರವೇ ಆಗಿತ್ತಲ್ಲ! ಅಂದ ಮೇಲೆ ತಪ್ಪು ಹಗುರದ್ದಲ್ಲ. ನಮ್ಮ ಗಾಡಿಯಿಂದ ತೆಗೆದದ್ದು ಭಾರವನ್ನಲ್ಲ, ಖರ್ಚನ್ನು. ಹಗುರ ಬೇರೆ, ಅಗ್ಗ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿ ನಮಗೆ ಕೊಟ್ಟರು, ನಾವೂ ಬಣ್ಣ ನೋಡಿ ತಂದೆವು.

ಇದರೊಳಗೆ ಹೆಂಗಸರು ಗಮನಿಸಬೇಕಾದ ಒಂದು ಎಳೆ ಇದೆ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಚಾಲಕನ ಮುಂದಿನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಸೀಟಿಗೆ ಕಡ್ಡಾಯವಾದದ್ದು, ಹೊಸ ಮಾದರಿಗಳಿಗೆ 2021ರಲ್ಲಿ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2022ರಲ್ಲಿ. ಸ್ವಿಫ್ಟಿನಲ್ಲಿ 2018ರಿಂದಲೇ ಎರಡೂ ಇದ್ದವು. ಅದಕ್ಕಿಂತ ಅಗ್ಗದ ಆಲ್ಟೊದ ಕೆಳಗಿನ ಮಾದರಿಯಲ್ಲಿ ಆ ನಡುವಿನ ವರ್ಷಗಳಲ್ಲಿ ಚಾಲಕನಿಗೆ ಮಾತ್ರ ರಕ್ಷೆ. ಆ ಎಡಗಡೆಯ ಸೀಟಿನಲ್ಲಿ ಯಾರು ಕೂಡುತ್ತಾರೆ ಹೇಳಿ? ತೊಡೆಯ ಮೇಲೆ ಕೂಸು, ಕಾಲ ಬಳಿ ಬುತ್ತಿಯ ಚೀಲ ಇಟ್ಟುಕೊಂಡು ಕೂಡುವವರು ನಾವೇ. ಲೆಕ್ಕ ಹಾಕಿದವರು ಬೇಕೆಂದೇ ನಮ್ಮನ್ನು ಬಿಟ್ಟರು ಎಂದು ನಾನು ಹೇಳುವುದಿಲ್ಲ. ನಮ್ಮನ್ನು ನೆನೆಯದೆಯೂ ಆ ಲೆಕ್ಕ ಸರಿಹೋಯಿತು, ಅದೇ ನನ್ನ ತಕರಾರು.

ಕಂಪನಿಯ ಕಡೆಯ ವಾದವನ್ನೂ ಕೇಳಬೇಕು. ನಿಯಮಗಳಿಂದ ಬೆಲೆ ಏರಿದರೆ ಬೈಕಿನ ಮೇಲಿರುವ ಕುಟುಂಬ ಕಾರಿಗೆ ಬರಲಾರದು ಎಂದು ಕಂಪನಿಯ ಹಿರಿಯರಾದ ಆರ್. ಸಿ. ಭಾರ್ಗವ ಹಲವು ಸಲ ಹೇಳಿದ್ದಾರೆ. ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೈಕಿನ ಹಿಂದೆ ಒಂದು ಕಡೆಗೆ ಕಾಲು ಇಳಿಬಿಟ್ಟು, ಸೆರಗು ಗಾಲಿಗೆ ಸಿಗದಂತೆ ಬಿಗಿಹಿಡಿದು, ನಡುವೆ ಮಗುವನ್ನು ಅವುಚಿಕೊಂಡು ಹೋಗುವವಳನ್ನು ನಮ್ಮ ರಸ್ತೆಗಳಲ್ಲಿ ದಿನವೂ ನೋಡುತ್ತೇವೆ. ಅವಳಿಗೆ ನಾಲ್ಕು ಗಾಲಿ, ತಲೆಯ ಮೇಲೊಂದು ತಗಡು ಸಿಕ್ಕರೂ ದೊಡ್ಡದೇ. ಆದರೆ ಕಬ್ಬಿನ ಹಂಗಾಮಿನ ರಾತ್ರಿ ಉಗಾರದ ದಾರಿಯಲ್ಲೋ ಅಥಣಿಯ ದಾರಿಯಲ್ಲೋ ಹೋಗಿ ನೋಡಿ. ಹಿಂದೆ ದೀಪವೇ ಇಲ್ಲದ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಕತ್ತಲಲ್ಲಿ ಗೋಡೆಯಂತೆ ಎದುರಾಗುತ್ತದೆ. ಇಂಥ ರಸ್ತೆಗೆ ಚುರುಕು ಗಾಡಿ ಕೊಟ್ಟವರು ರಕ್ಷಣೆಯನ್ನು ‘ಬೇಕಾದರೆ ಹೆಚ್ಚಿನ ರೊಕ್ಕ ಕೊಡಿ’ ಎಂಬ ಪಟ್ಟಿಗೆ ಸೇರಿಸಿದರೆ, ಆ ಪಟ್ಟಿಯನ್ನು ಓದುವವರು ಯಾರು? ನಮ್ಮ ಮನೆಗಳಲ್ಲಿ ಅದೇ ರೊಕ್ಕ ಸ್ಪೀಕರಿಗೆ, ಅಲಾಯ್ ಗಾಲಿಗೆ ಹೋಗಿದ್ದೇ ಹೆಚ್ಚು.

ಬೆಲೆಯ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದಕ್ಕೆ ಕಂಪನಿಯೇ ಉತ್ತರ ಕೊಟ್ಟಿದೆ. 2024ರ ಮೇ ತಿಂಗಳಲ್ಲಿ ಬಂದ ಹೊಸ ಸ್ವಿಫ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮಾದರಿಗೂ ಆರು ಏರ್‌ಬ್ಯಾಗ್ ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಅದರ ತಂಗಿಯಂತಿರುವ ಹೊಸ ಡಿಜೈರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆಯಿತು. ಗಾಡಿ ಆನೆಯ ಗಾತ್ರಕ್ಕೆ ಬೆಳೆಯಲಿಲ್ಲ. ಸಣ್ಣದಾಗಿ, ಹಗುರವಾಗಿ ಇದ್ದುಕೊಂಡೇ ಗಟ್ಟಿಯಾಗಲು ಬಂತು. ಆ ವರ್ಷದ ಡಿಸೆಂಬರ್ 25ರಂದು ಒಸಾಮು ಸುಜುಕಿ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ನಮ್ಮ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು. ಇಷ್ಟು ಹೆಂಗಸರ ಕೈಗೆ ಸ್ಟಿಯರಿಂಗ್ ಬರುವಂತೆ ಮಾಡಿದವರಿಗೆ ಆ ಗೌರವ ಸಲ್ಲತಕ್ಕದ್ದೇ. ಗೌರವದ ಜೊತೆಗೆ ಲೆಕ್ಕವನ್ನೂ ಕೇಳಬೇಕು, ಅಷ್ಟೆ.

ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಆದರೆ ನಮ್ಮ ಊರುಗಳಲ್ಲಿ ಹಳೆಯ ಸ್ವಿಫ್ಟ್, ಹಳೆಯ ಆಲ್ಟೊಗಳು ಕೈಯಿಂದ ಕೈಗೆ ದಾಟುತ್ತಲೇ ಇವೆ. ಮಗಳಿಗೆ, ಸೊಸೆಗೆ ‘ಕಲಿಯಾಕ ಸಾಕು’ ಎಂದು ಕೊಡಿಸುವುದೂ ಅವನ್ನೇ. ಕೊಡಿಸುವಾಗ ಬಣ್ಣದ ಮಾತು ಬಂದರೆ ಬರಲಿ, ಅದರ ಮುಂದೆ ಇನ್ನೆರಡು ಪ್ರಶ್ನೆ ನೀವೇ ಕೇಳಿ: ಎಡಗಡೆಯ ಸೀಟಿನ ಮುಂದೆ ಏರ್‌ಬ್ಯಾಗ್ ಐತೇನು? ಹಿಂದಿನ ಸೀಟಿನ ಬೆಲ್ಟುಗಳು ಸೀಟಿನ ಸಂದಿಯಲ್ಲಿ ಹೂತುಹೋಗದೆ ಕೈಗೆ ಸಿಗುತ್ತವೇನು? ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂದು ಕಾನೂನಿದೆ, ಸೀರೆಯ ನೆರಿಗೆ ಕೆಡುತ್ತದೆಂದು ಅದಕ್ಕೆ ವಿನಾಯಿತಿ ಇಲ್ಲ. ನಮ್ಮ ಕಡೆ ಗಾಡಿ ಹೊರಟಾಗ ಹೊಸ್ತಿಲಲ್ಲಿ ನಿಂತವರು “ಹಗೂರಕ ಹೋಗ್ರಿ” ಅನ್ನುತ್ತಾರೆ. ನಿಧಾನವಾಗಿ, ಜೋಪಾನವಾಗಿ ಹೋಗಿ ಎಂದು ಅದರ ಅರ್ಥ. ಇನ್ನು ಮೇಲೆ ಅದರ ಜೊತೆಗೆ “ಬೆಲ್ಟ್ ಹಾಕ್ಕೋರಿ” ಎಂಬ ಎರಡು ಶಬ್ದವನ್ನೂ ಸೇರಿಸಿದರೆ ಒಳ್ಳೆಯದು.