ಅಜ್ಜನ ಕರಾರು: ಬಭ್ರುವಾಹನನ ಸಿಂಹಾಸನ ಯಾರು ಕೊಟ್ಟದ್ದು?

‘ಬಭ್ರುವಾಹನ ಕಾಳಗ’ ಪ್ರಸಂಗದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಅಪ್ಪ ಮತ್ತು ಮಗನ ಸುತ್ತಲೇ ಸುತ್ತುತ್ತದೆ. ಅರ್ಜುನ ಮಗನನ್ನು ಜರೆಯುತ್ತಾನೆ, ಮಗ ಅಪ್ಪನ ತಲೆ ಉರುಳಿಸುತ್ತಾನೆ, ನಾಗಲೋಕದಿಂದ ಮಣಿ ಬರುತ್ತದೆ, ಅಪ್ಪ ಎದ್ದು ಮಗನನ್ನು ಅಪ್ಪಿಕೊಳ್ಳುತ್ತಾನೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಗದ್ದೆ ಬಯಲುಗಳಲ್ಲಿ ಈ ಆಟವನ್ನು ನೋಡುತ್ತ ಬೆಳೆದವರಿಗೆ ಇದು ಬಾಯಿಪಾಠ. ಆದರೆ ಈ ಕಥೆಯನ್ನು ನಿಜವಾಗಿ ನಡೆಸುವವನು ಅಪ್ಪನೂ ಅಲ್ಲ, ಮಗನೂ ಅಲ್ಲ, ರಂಗಸ್ಥಳಕ್ಕೆ ಬಾರದ ಒಬ್ಬ ಅಜ್ಜ ಎಂಬುದು ನನ್ನ ವಾದ. ಆ ಅಜ್ಜನನ್ನು ಮರೆತರೆ ಮಗನ ಸಿಟ್ಟು ಬರೀ ಅವಮಾನದ ಸಿಟ್ಟಾಗಿ ಉಳಿಯುತ್ತದೆ. ಅವನನ್ನು ನೆನಪಿಗೆ ತಂದುಕೊಂಡರೆ ಅದು ಉತ್ತರಾಧಿಕಾರದ ಜಗಳವಾಗುತ್ತದೆ.

ವ್ಯಾಸಭಾರತದ ಆದಿಪರ್ವದಲ್ಲಿ ಮಣಲೂರಿನ ಅರಸ ಚಿತ್ರವಾಹನನ ಮಗಳು ಚಿತ್ರಾಂಗದೆಯನ್ನು ಅರ್ಜುನ ಕೇಳುತ್ತಾನೆ. ತನ್ನ ವಂಶದಲ್ಲಿ ತಲೆಮಾರಿಗೊಂದೇ ಮಗು ಹುಟ್ಟುವುದು ಎಂದು ಅರಸ ಹೇಳುತ್ತಾನೆ. ತನಗೆ ಹುಟ್ಟಿದ್ದು ಮಗಳು. ಅವಳನ್ನೇ ಅವನು ‘ಪುತ್ರಿಕೆ’ ಮಾಡಿಕೊಂಡಿದ್ದಾನೆ. ಅವಳ ಹೊಟ್ಟೆಯಲ್ಲಿ ಹುಟ್ಟುವ ಮಗನೇ ತನ್ನ ವಂಶ ಬೆಳೆಸುವವನು, ಆ ಮಗುವೇ ಕನ್ಯಾಶುಲ್ಕ. ಅರ್ಜುನ ಒಪ್ಪುತ್ತಾನೆ, ಮೂರು ವರ್ಷ ಅಲ್ಲಿದ್ದು ಹೊರಡುತ್ತಾನೆ. ಧರ್ಮಶಾಸ್ತ್ರಗಳಲ್ಲಿ ಪುತ್ರಿಕಾಪುತ್ರನ ವಿಚಾರ ವಿಸ್ತಾರವಾಗಿಯೇ ಇದೆ. ಚಿತ್ರವಾಹನ ಹೊಸ ಕಾನೂನನ್ನೇನೂ ಹುಟ್ಟಿಸಲಿಲ್ಲ. ಹುಟ್ಟುವ ಮೊದಲೇ ಮೊಮ್ಮಗನನ್ನು ತನ್ನ ಹೆಸರಿಗೆ ಬರೆಸಿಕೊಂಡ, ಅಷ್ಟೆ.

ಇಂಥ ಅಜ್ಜಂದಿರು ನಮ್ಮ ಮಹಾಕಾವ್ಯಗಳಲ್ಲಿ ಇನ್ನೂ ಇಬ್ಬರಿದ್ದಾರೆ. ಸತ್ಯವತಿಯ ಮಗನಿಗೇ ಪಟ್ಟ ಎಂದು ಶಂತನುವಿನ ಮುಂದೆ ಹಟ ಹಿಡಿದ ದಾಶರಾಜ ಒಬ್ಬ. ಕೈಕೇಯಿಯನ್ನು ಕೊಡುವಾಗ ದಶರಥನಿಂದ ರಾಜ್ಯದ ಮಾತು ಪಡೆದ ಕೇಕಯರಾಜ ಇನ್ನೊಬ್ಬ. ವಾಲ್ಮೀಕಿ ರಾಮಾಯಣದಲ್ಲಿ ಈ ಎರಡನೆಯ ಸಂಗತಿ ಚಿತ್ರಕೂಟದಲ್ಲಿ ರಾಮನ ಬಾಯಿಂದಲೇ ಭರತನಿಗೆ ಗೊತ್ತಾಗುತ್ತದೆ. ಮೂವರೂ ಹೆಣ್ಣು ಕೊಡುವ ಕಡೆಯವರು, ತಾಯಿಯ ತಂದೆಯಂದಿರು. ಹೆಣ್ಣು ಮನೆ ಬಿಟ್ಟು ಹೋಗುವ ವ್ಯವಸ್ಥೆಯಲ್ಲಿ ಅವರ ಕೈಯಲ್ಲಿರುವ ಅಧಿಕಾರ ಒಂದೇ ಗಳಿಗೆಯದು: ಧಾರೆ ಎರೆಯುವ ಮೊದಲಿನ ಗಳಿಗೆ. ಮೊಮ್ಮಗನ ಮೇಲಿನ ಮಮತೆ ಅಲ್ಲಿ ಕರಾರಿನ ರೂಪ ತಾಳುತ್ತದೆ. ಆ ಕರಾರಿನ ಬೆಲೆ ತೆರುವವರು ಬೇರೆಯವರು. ದಾಶರಾಜನ ಮಾತಿಗೆ ದೇವವ್ರತ ಇಡೀ ಬದುಕನ್ನು ತೆತ್ತ. ಆ ಅಜ್ಜ ಬಯಸಿದ ಇಬ್ಬರು ಮೊಮ್ಮಕ್ಕಳೂ ಮಕ್ಕಳಿಲ್ಲದೆ ಸತ್ತರು ಎಂಬುದು ಕಥೆಯ ವ್ಯಂಗ್ಯ. ಕೊನೆಗೆ ವಂಶ ಮುಂದುವರಿದದ್ದು ಕರಾರಿನಲ್ಲಿ ಇಲ್ಲದ ಮೊಮ್ಮಗ ವ್ಯಾಸನಿಂದ.

ಈಗ ಬಭ್ರುವಾಹನನ ಕಡೆಗೆ ಬರೋಣ. ವ್ಯಾಸರಲ್ಲಿ ಅರ್ಜುನ ಮಗನನ್ನು ಬೈಯುವುದು, ಯುದ್ಧ ಮಾಡದೆ ಕಾಣಿಕೆ ಹಿಡಿದು ಬಂದೆಯಲ್ಲ, ಇದು ಕ್ಷತ್ರಿಯನಿಗೆ ತಕ್ಕದ್ದೇ ಎಂದು. ಅಂದರೆ ಮಗ ಎಂಬುದನ್ನು ಒಪ್ಪಿಕೊಂಡೇ ಬೈಯುತ್ತಾನೆ. ಕನ್ನಡದ ಮನಸ್ಸಿನಲ್ಲಿ ಕೂತಿರುವುದು ಲಕ್ಷ್ಮೀಶನ ಜೈಮಿನಿ ಭಾರತದ ದಾರಿ. ಅಲ್ಲಿ ಅರ್ಜುನ ಹುಟ್ಟನ್ನೇ ಹಳಿಯುತ್ತಾನೆ. ನನ್ನ ಮಗನೆಂದರೆ ಅಭಿಮನ್ಯು, ನೀನು ಯಾರಿಗೆ ಹುಟ್ಟಿದವನೋ ಎನ್ನುವ ಧಾಟಿ ಅದು. ಯಕ್ಷಗಾನಕ್ಕೆ ಬೇಕಾದ ಕಿಚ್ಚು ಸಿಕ್ಕಿದ್ದು ಈ ದಾರಿಯಲ್ಲಿ.

ಅಭಿಮನ್ಯುವಿನ ಹೆಸರು ಇಲ್ಲಿ ಯಾಕೆ ಬಂತು? ಸತ್ತ ಮಗನ ನೆನಪು ಎಂದು ದಾಟಿಬಿಡಬಹುದು. ಆದರೆ ಅಶ್ವಮೇಧದ ಹೊತ್ತಿಗೆ ಅರ್ಜುನನೂ ಅಜ್ಜನಾಗಿದ್ದಾನೆ. ಹಸ್ತಿನಾವತಿಯಲ್ಲಿ ಅಭಿಮನ್ಯುವಿನ ಮಗ ಪರೀಕ್ಷಿತ ತೊಟ್ಟಿಲಲ್ಲಿದ್ದಾನೆ. ಕೊನೆಗೆ ಪಟ್ಟ ಧರ್ಮರಾಯನಿಂದ ಒಂದು ತಲೆಮಾರು ಹಾರಿ ಹೋಗುವುದು ಆ ಮಗುವಿಗೆ. ಬದುಕಿರುವ ಮಗನೊಬ್ಬ ಸೈನ್ಯ ಸಮೇತ ಎದುರು ಬಂದು ‘ಅಪ್ಪಾ’ ಎಂದಾಗ ಈ ಅಜ್ಜನ ಎದೆ ಯಾಕೆ ಕಲ್ಲಾಯಿತು ಎಂಬ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ. ಮಣಲೂರಿನ ಅಜ್ಜ ಒಬ್ಬ ಮೊಮ್ಮಗನನ್ನು ತನಗಾಗಿ ಕಟ್ಟಿಕೊಂಡ. ಹಸ್ತಿನಾವತಿಯ ಅಜ್ಜ ಇನ್ನೊಬ್ಬ ಮೊಮ್ಮಗನಿಗಾಗಿ ಸ್ವಂತ ಮಗನನ್ನು ದೂರ ತಳ್ಳಿದ. ಬಭ್ರುವಾಹನ ಈ ಇಬ್ಬರು ಅಜ್ಜಂದಿರ ನಡುವೆ ಸಿಕ್ಕಿಕೊಂಡವನು. ಇನ್ನೊಂದು ಮಾತು: ಜೈಮಿನಿಯ ಕಥೆಯಲ್ಲಿ ಅರ್ಜುನನ ಪಕ್ಕದಲ್ಲೇ ಕರ್ಣನ ಮಗ ವೃಷಕೇತು ಇರುತ್ತಾನೆ. ‘ನಿನ್ನ ಹುಟ್ಟು ಯಾವುದು’ ಎಂಬ ಪ್ರಶ್ನೆ ಯಾರನ್ನು ಬದುಕಿಡೀ ಸುಟ್ಟಿತೋ ಅವನ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಅರ್ಜುನ ಅದೇ ಪ್ರಶ್ನೆಯನ್ನು ತನ್ನ ಮಗನಿಗೆ ಎಸೆಯುತ್ತಾನೆ.

ಈ ಪ್ರಶ್ನೆ ನಮ್ಮ ಕಡೆಯ ಬಯಲಿನಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ನನಗೆ ಮುಖ್ಯ. ಬ್ರಹ್ಮಾವರದ ಹತ್ತಿರದ ಬಾರ್ಕೂರು ಅಳುಪರ ರಾಜಧಾನಿ. ಅಳಿಯಸಂತಾನದ ಹುಟ್ಟಿನ ಐತಿಹ್ಯ ಇರುವುದೂ ಅಲ್ಲಿಯೇ. ದೇವಪಾಂಡ್ಯನ ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ಮುಂದೆ ಬಿಟ್ಟಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳ ಪಾಂಡ್ಯನಾದ, ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ. ಈ ಕಥೆಗೆ ಅಂಟಿಸಿದ ಕ್ರಿ.ಶ. 77ರ ಕಾಲವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಶಾಸನಗಳು ಬೇರೆ ಚಿತ್ರಗಳನ್ನೂ ಕೊಡುತ್ತವೆ. 13ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಣಿ ಬಲ್ಲಮಹಾದೇವಿ ಇಲ್ಲಿಂದ ಆಳಿದಳು, ಮಗ ನಾಗದೇವರಸನೂ ಅಧಿಕಾರದಲ್ಲಿದ್ದ. ಆದರೂ ಐತಿಹ್ಯಕ್ಕೆ ಅದರದೇ ಸತ್ಯವಿದೆ. ದಾಶರಾಜನ ಮಗಳ ಹೆಸರೂ ಸತ್ಯವತಿ, ಬಾರ್ಕೂರಿನ ತಂಗಿಯ ಹೆಸರೂ ಸತ್ಯವತಿ. ಅಲ್ಲಿ ಅಪ್ಪ ಕರಾರು ಹಾಕಿ ಮೊಮ್ಮಗನಿಗೆ ಪಟ್ಟ ಕೇಳಿದ. ಇಲ್ಲಿ ತಾಯಿ ಏನನ್ನೂ ಕೇಳದೆ ಮಗನನ್ನು ಕೊಟ್ಟು ಪಟ್ಟ ಪಡೆದಳು.

ಅಳಿಯಕಟ್ಟಿನ ಮನೆಯಲ್ಲಿ ಮಗು ತಾಯಿಯ ಕುಟುಂಬದ್ದು. ಚಿತ್ರವಾಹನ ಷರತ್ತು ಹಾಕಿ ಪಡೆದದ್ದರಲ್ಲಿ ಅರ್ಧ ಇಲ್ಲಿ ರೂಢಿಯಾಗಿತ್ತು. ಇನ್ನರ್ಧ ಮಾತ್ರ ತಲೆಕೆಳಗು: ಮಗಳ ಮಗ ಅಜ್ಜನ ಕುಟುಂಬದವನಲ್ಲ, ಅಜ್ಜಿಯ ಕುಟುಂಬದವನು. ಒಬ್ಬ ಹೆಣ್ಣಿನಿಂದ ಹೊರಟ ಹೆಣ್ಣುಸಂತತಿಯ ಕವಲನ್ನೇ ಕಾನೂನು ‘ಕವರು’ ಎಂದು ಕರೆಯಿತು. ಅಜ್ಜಯ್ಯನ ಯಜಮಾನಿಕೆ ಏನಿದ್ದರೂ ಅವನ ಅಕ್ಕತಂಗಿಯರ ಮನೆಯಲ್ಲಿ. ಮೊಮ್ಮಗನ ಮೇಲೆ ಅವನಿಗೆ ಎಷ್ಟೇ ಪ್ರೀತಿಯಿದ್ದರೂ ಸ್ವಯಾರ್ಜಿತ ಬಿಟ್ಟರೆ ಕೊಡಲು ಅವನ ಕೈಯಲ್ಲಿ ಏನೂ ಇಲ್ಲ. ಈ ವ್ಯವಸ್ಥೆಯಲ್ಲಿ ಪ್ರೀತಿಯ ದಾರಿ ಬೇರೆ, ಆಸ್ತಿಯ ದಾರಿ ಬೇರೆ. ಅದರಿಂದ ನೆಮ್ಮದಿ ಬಂತು ಎಂದು ನಾನು ಹೇಳುತ್ತಿಲ್ಲ. ಮಾವ ಅಳಿಯಂದಿರ ನಡುವಿನ ವೈರದ ಕಥೆಗಳಿಗೆ ಈ ಕಡೆ ಬರವಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಕಟ್ಟನ್ನು ಸಡಿಲಿಸಿತು. ಇವತ್ತು ಬಯಲಿನಲ್ಲಿ ಕೂತು ಆಟ ನೋಡುವ ಬಂಟರ ಮನೆಯ ಹುಡುಗನಿಗೆ ಅಪ್ಪನ ಆಸ್ತಿಯಲ್ಲೂ ಪಾಲಿದೆ. ಆದರೆ ಅವನ ಬಳಿ (ಗೋತ್ರದಂಥದ್ದು) ಈಗಲೂ ತಾಯಿಯದು. ‘ನಿನ್ನ ಅಪ್ಪ ಯಾರು’ ಎಂಬ ಮಾತು ಅಂಥ ಮನೆಯ ಕಿವಿಗೆ ಎರಡು ಥರ ಬೀಳಬೇಕು: ಒಮ್ಮೆ ಬೈಗುಳವಾಗಿ, ಒಮ್ಮೆ ಅಸಂಬದ್ಧ ಪ್ರಶ್ನೆಯಾಗಿ.

ಅಜ್ಜನ ಒಲವು ಮತ್ತು ಪಟ್ಟದ ನಂಟನ್ನು ಇನ್ನೊಂದು ಮಾಧ್ಯಮ ಹೇಗೆ ನೋಡಿದೆ ಎಂಬುದಕ್ಕೆ ‘ಕಿಂಗ್ಸ್ ಕ್ವೆಸ್ಟ್’ ಎಂಬ ಕಂಪ್ಯೂಟರ್ ಆಟ ನೆನಪಾಗುತ್ತದೆ. 1984ರಲ್ಲಿ ರಾಬರ್ಟಾ ವಿಲಿಯಮ್ಸ್ ರೂಪಿಸಿದ ಮೊದಲ ಆಟದಲ್ಲಿ ಗ್ರಹಾಂ ಎಂಬ ಯೋಧ ಮೂರು ನಿಧಿಗಳನ್ನು ತಂದು ರಾಜನಾಗುತ್ತಾನೆ, ರಕ್ತಸಂಬಂಧದಿಂದ ಅಲ್ಲ. 2015ರಲ್ಲಿ ಬಂದ ಹೊಸ ರೂಪದಲ್ಲಿ ಅದೇ ಗ್ರಹಾಂ ಮುದುಕ, ಮೊಮ್ಮಗಳು ಗ್ವೆಂಡೋಲಿನ್‌ಗೆ ತನ್ನ ಸಾಹಸಗಳನ್ನು ಕಥೆಯಾಗಿ ಹೇಳುತ್ತಾನೆ. ಆಡುವವರು ಆಡುವುದು ಆ ಕಥೆಗಳನ್ನೇ. ಆ ಅಜ್ಜ ಮೊಮ್ಮಗಳಿಗೆ ಕೊಡುವ ಮೊದಲ ಆಸ್ತಿ ಕಥೆ. ನಮ್ಮ ಪುರಾಣದ ಮೂವರು ಅಜ್ಜಂದಿರು ಕಥೆ ಹೇಳುವುದಿಲ್ಲ, ಷರತ್ತು ಹೇಳುತ್ತಾರೆ.

ಆದರೆ ಆಡುವವರಿಗೆ ಜಾಗ ಬಿಡುವ ಗುಣದಲ್ಲಿ ಯಕ್ಷಗಾನ ಯಾವ ಕಂಪ್ಯೂಟರ್ ಆಟಕ್ಕೂ ಕಡಿಮೆಯಲ್ಲ. ಭಾಗವತರ ಪದ್ಯ ನಿಗದಿ, ಕಥೆಯ ಕೊನೆ ನಿಗದಿ; ಅರ್ಥ ಮಾತ್ರ ರಾತ್ರಿಯಿಂದ ರಾತ್ರಿಗೆ ಬೇರೆ. ಹಾರಾಡಿ, ಮಟಪಾಡಿ ತಿಟ್ಟುಗಳ ಈ ನೆಲದಲ್ಲಿ ಬಭ್ರುವಾಹನನ ಕುಣಿತದ ವೀರಕ್ಕೆ ಕೊರತೆಯಿಲ್ಲ. ನಾನು ನೋಡಿದ ಆಟಗಳಲ್ಲಿ ಕೊರತೆ ಕಂಡದ್ದು ಅವನ ವಾದದಲ್ಲಿ. ಅವನು ತಾಯಿಯ ಪಾತಿವ್ರತ್ಯವನ್ನು ಸಮರ್ಥಿಸುತ್ತಾನೆ, ತಾನು ಅರ್ಜುನನ ಮಗನೇ ಎಂದು ಸಾಧಿಸಲು ಹೊರಡುತ್ತಾನೆ. ಆ ಜಾಡಿನಲ್ಲಿ ಅವನು ಗೆದ್ದರೂ ಅರ್ಜುನ ಹಾಕಿದ ಅಂಕಣದಲ್ಲೇ ಗೆದ್ದಂತೆ. ಚಿತ್ರವಾಹನನ ಹೆಸರು ಬಂದರೂ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ.

ಅರ್ಥಧಾರಿಯೊಬ್ಬರು ಅಲ್ಲಿ ಒಂದು ಗಳಿಗೆ ನಿಲ್ಲಬೇಕು ಎಂಬುದು ನನ್ನ ಆಸೆ. ‘ನಾನು ನಿನ್ನಲ್ಲಿ ಪಾಲು ಕೇಳಲು ಬಂದವನಲ್ಲ, ನನ್ನ ಸಿಂಹಾಸನವನ್ನು ನನ್ನ ತಾಯಿಯ ಮೂಲಕ ನನ್ನ ಅಜ್ಜ ಕೊಟ್ಟಿದ್ದಾರೆ, ನೀನು ಮಾತು ಕೊಟ್ಟು ಹೋದವನು, ಆ ಮಾತಿಗೆ ಸಾಕ್ಷಿ ನಾನು’ ಎಂದು ಬಭ್ರುವಾಹನ ಒಮ್ಮೆ ಹೇಳಲಿ. ಆಗ ಅವನು ತಂದ ಕಾಣಿಕೆ ಮಗನ ದೈನ್ಯದ ಕಾಣಿಕೆಯಾಗದೆ ಒಬ್ಬ ಅರಸ ಇನ್ನೊಬ್ಬ ಅರಸನಿಗೆ ತೋರಿದ ಗೌರವವಾಗುತ್ತದೆ, ಅದನ್ನು ಒದೆದ ಅರ್ಜುನನ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ. ಮುಂದಿನದೆಲ್ಲ ಪದ್ಯದಲ್ಲಿ ಇರುವ ಹಾಗೆಯೇ ನಡೆಯಲಿ, ತಲೆ ಬೀಳಲಿ, ಮಣಿ ಬರಲಿ. ಬಳಿಯನ್ನು ತಾಯಿಯಿಂದ ಪಡೆದ ಊರಿನಲ್ಲಿ ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳದವರು ಯಾರೂ ಇರಲಾರರು.