ದಾಖಲಾಗದ ಹಲ್ಲು

ಆದಾಯ ಎಷ್ಟೇ ಇರಲಿ, ಎಪ್ಪತ್ತು ತುಂಬಿದ ಎಲ್ಲರಿಗೂ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂದು ಆಯುಷ್ಮಾನ್ ಭಾರತ್ ವಿಮೆಯನ್ನು 2024ರ ಅಕ್ಟೋಬರ್‌ನಲ್ಲಿ ವಿಸ್ತರಿಸಲಾಯಿತು. ಸುಮಾರು 6 ಕೋಟಿ ಹಿರಿಯರಿಗೆ ಪ್ರಯೋಜನ ಎಂಬುದು ಸರ್ಕಾರದ ಅಂದಾಜು. ಉದ್ದೇಶ ದೊಡ್ಡದೇ. ಆದರೆ ಅದರ ಸೌಲಭ್ಯ ಸಿಗಬೇಕಾದರೆ ರೋಗಿ ಆಸ್ಪತ್ರೆಗೆ ದಾಖಲಾಗಬೇಕು. ಹಲ್ಲುನೋವಿಗೆ ಯಾರೂ ದಾಖಲಾಗುವುದಿಲ್ಲ. ಹುಳುಕು ತುಂಬಿಸುವುದು, ರೂಟ್ ಕೆನಾಲ್, ಸವೆದ ಹಲ್ಲಿನ ದುರಸ್ತಿ ಇವೆಲ್ಲ ನಿಯಮದ ಪ್ರಕಾರ ಯೋಜನೆಯ ಹೊರಗೆ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಒಳರೋಗಿಯಾಗುವ ಸ್ಥಿತಿ ಬಂದರೆ ಮಾತ್ರ ವಿನಾಯಿತಿ. ದವಡೆ ಮುರಿದವರಿಗೆ ಹಣ ಉಂಟು, ಹಲ್ಲು ಕೊಳೆತವರಿಗಿಲ್ಲ.

ಹಲ್ಲು ಹೋದರೆ ಜೀವ ಹೋಗುವುದಿಲ್ಲವಲ್ಲ ಎಂಬುದು ಈ ನಿಯಮದ ಸಮರ್ಥಕರ ಮೊದಲ ಮಾತು. ಮುದ್ದೆ ನುಂಗುವ ಸೀಮೆಯಲ್ಲಿ ಆ ಮಾತು ಒಂದಿಷ್ಟು ನಡೆದೀತು, ಜೋಳದ ಖಡಕ್ ರೊಟ್ಟಿ ತಿನ್ನುವ ಕಡೆ ನಡೆಯದು. ಅಗಿಯಲಾಗದವರು ಕಾಳು, ಸೊಪ್ಪು, ಹಣ್ಣು ಬಿಟ್ಟು ಗಂಜಿ, ಮೆತ್ತನೆಯ ಅನ್ನಕ್ಕೆ ಇಳಿಯುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಡವಾದದ್ದೂ ಅದೇ. ಒಸಡಿನ ಸೋಂಕು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಒಸಡನ್ನು ಇನ್ನಷ್ಟು ಕೆಡಿಸುತ್ತದೆ. ಅರವತ್ತು ದಾಟಿದವರಲ್ಲಿ ಜಗತ್ತಿನಾದ್ಯಂತ ಸುಮಾರು ಶೇ 23 ಮಂದಿಗೆ ಒಂದೂ ಹಲ್ಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಷ್ಟು ಜನರ ತೊಂದರೆಯನ್ನು ಅಂದಚಂದದ ಪ್ರಶ್ನೆಯೆಂದು ಬದಿಗಿಡುವುದು ವೈದ್ಯಶಾಸ್ತ್ರದ ತೀರ್ಮಾನವಲ್ಲ, ಲೆಕ್ಕಪತ್ರದವರ ಅನುಕೂಲ. ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೂಡ 1965ರಲ್ಲಿ ಹುಟ್ಟುವಾಗಲೇ ಹಲ್ಲನ್ನು ಹೊರಗಿಟ್ಟಿತು. ಅಲ್ಲಿ ಅದು ಇಂದಿಗೂ ಬಹುಮಟ್ಟಿಗೆ ಹೊರಗೇ ಇದೆ. ಕೆನಡಾ ಮಾತ್ರ ತಡವಾಗಿ ಎಚ್ಚೆತ್ತು ಖಾಸಗಿ ದಂತವಿಮೆಯಿಲ್ಲದ, ಆದಾಯ ಮಿತಿಯೊಳಗಿನವರಿಗೆ ಯೋಜನೆ ತಂದಿತು. 2024ರ ಮೇ ತಿಂಗಳಲ್ಲಿ ಚಿಕಿತ್ಸೆ ಆರಂಭವಾದದ್ದು ಹಿರಿಯರಿಂದಲೇ.

ಇದಕ್ಕಿಂತ ತೂಕದ ಆಕ್ಷೇಪವೂ ಇದೆ. ಹೊರರೋಗಿ ಚಿಕಿತ್ಸೆಗೆ ವಿಮೆ ಕೊಟ್ಟರೆ ಸುಳ್ಳು ಬಿಲ್ಲು, ಬೇಡದ ಕೀಳುವಿಕೆ ಶುರುವಾಗುತ್ತದೆ ಎಂಬ ಭಯ. ಅದು ನಿಜವಾದ ಭಯ. ಹಾಗಾಗಿಯೇ ಎಲ್ಲಕ್ಕೂ ಹಣ ಕೊಡಿ ಎನ್ನುವುದು ಸಲ್ಲ. ತಪಾಸಣೆ, ಒಸಡಿನ ಶುದ್ಧಿ, ಹುಳುಕು ತುಂಬುವುದು, ಕೀಳುವುದು, ಹಲ್ಲಿನ ಸೆಟ್ಟು, ಇಷ್ಟಕ್ಕೆ ನಿಗದಿತ ದರ ಕಟ್ಟಿದರೆ ಸಾಕು. ಸೆಟ್ಟು ಬಾಯಲ್ಲಿದೆಯೋ ಇಲ್ಲವೋ ನೋಡಲು ತಜ್ಞರ ಸಮಿತಿ ಬೇಕಿಲ್ಲ.

ಕರ್ನಾಟಕ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತ್ತು. ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತ ಸೆಟ್ಟು ಕೊಡುವ ದಂತ ಭಾಗ್ಯ ಸಿದ್ದರಾಮಯ್ಯ ಅವರ ಮೊದಲ ಅವಧಿಯಲ್ಲಿ ಬಂತು. ಕಾಲೇಜುಗಳಲ್ಲಿ ಕುರ್ಚಿಯಿದೆ, ಪ್ರಯೋಗಾಲಯವಿದೆ, ಕಲಿಯುವ ವಿದ್ಯಾರ್ಥಿಗೆ ರೋಗಿ ಬೇಕು; ಆ ಜೋಡಣೆ ಜಾಣತನದ್ದು. ಆದರೆ ಹಲ್ಲೆಲ್ಲ ಉದುರುವವರೆಗೆ ಕಾದು ಸೆಟ್ಟು ಕೊಡುವ ಯೋಜನೆ ಇದ್ದ ಹಲ್ಲನ್ನು ಉಳಿಸಲಾರದು. ಜತೆಗೆ ಒಂದು ಸೆಟ್ಟಿಗೆ ಅಚ್ಚು ತೆಗೆಯುವುದು, ಕಚ್ಚು ನೋಡುವುದು, ಕೂರಿಸುವುದು, ಒತ್ತಿದಲ್ಲಿ ಉಜ್ಜಿ ಸರಿಪಡಿಸುವುದು ಎಂದು ನಾಲ್ಕೈದು ಬಾರಿಯಾದರೂ ಹೋಗಬೇಕು. ಕಾಲೇಜುಗಳು ಹೆಚ್ಚಾಗಿ ನಗರಗಳಲ್ಲಿವೆ. ಹಳ್ಳಿಯ ವೃದ್ಧೆಗೆ ಪ್ರತಿ ಸಲವೂ ಮನೆಯ ಯಾರೋ ಒಬ್ಬರ ಕೂಲಿ ತಪ್ಪುತ್ತದೆ. ಅಚ್ಚು ತೆಗೆಯುವುದೂ ಕೂರಿಸುವುದೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಬಳಿ, ತಯಾರಿಕೆ ಮಾತ್ರ ಕಾಲೇಜಿನಲ್ಲಿ ಎಂದು ಹಂಚಿ, ಎರಡಕ್ಕೂ ವಿಮೆಯಿಂದಲೇ ಹಣ ಕೊಡಲು ಹೊಸ ಆಸ್ಪತ್ರೆಯನ್ನೇನೂ ಕಟ್ಟಬೇಕಿಲ್ಲ. ದಾಖಲಾತಿಯ ಷರತ್ತನ್ನು ಹಲ್ಲಿನ ಮಟ್ಟಿಗೆ ಸಡಿಲಿಸಬೇಕು.